ಕಾಲಿಗೆ ಪ್ಲಾಸ್ಟರ್, ಕೈಯಲ್ಲಿ ಟಿಕೆಟ್: ಮೂಳೆ ಮುರಿದಾಗ ವಿಮಾನ ಹತ್ತುವುದು ಹೇಗೆ?

ಟಿಕೆಟ್ ಬುಕ್ ಆಗಿದೆ, ಬ್ಯಾಗೂ ಅರ್ಧ ತುಂಬಿದೆ. ಅಷ್ಟರಲ್ಲಿ ಮೆಟ್ಟಿಲಲ್ಲಿ ಕಾಲು ಜಾರುತ್ತದೆ. ಎಕ್ಸ್-ರೇ ನೋಡಿದ ಡಾಕ್ಟರು ಪ್ಲಾಸ್ಟರ್ ಹಾಕಿ ಆರು ವಾರ ಅನ್ನುತ್ತಾರೆ. ನೋವಿಗಿಂತ ಮೊದಲು ಬಾಯಿಗೆ ಬರುವ ಪ್ರಶ್ನೆ, "ಹಾಗಾದ್ರೆ ನನ್ನ ಫ್ಲೈಟು?"

ಹೆಚ್ಚಿನವರಿಗೆ ಉತ್ತರ "ಹೋಗಬಹುದು" ಅಂತಲೇ. ಆದರೆ ಯಾವತ್ತು ಹೋಗುತ್ತೀರಿ, ಯಾವ ಬಗೆಯ ಪ್ಲಾಸ್ಟರಿನಲ್ಲಿ ಹೋಗುತ್ತೀರಿ, ಯಾವ ಸೀಟಿನಲ್ಲಿ ಕೂರುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮುರಿದ ಮೂಳೆಗೆ ಆಕಾಶದಲ್ಲಿ ಹೊಸದಾಗಿ ಏನೂ ಆಗುವುದಿಲ್ಲ. ತೊಂದರೆ ಕೊಡುವುದು ಅದರ ಸುತ್ತ ಬರುವ ಊತ. ನಾನೂ ಪಾದದ ಗಂಟು ಮುರಿದುಕೊಂಡು ಪ್ರಯಾಣ ಮಾಡಿದವನೇ. ಮಾಡಿದ ತಪ್ಪುಗಳನ್ನು ಅಲ್ಲಲ್ಲೇ ಹೇಳುತ್ತಾ ಹೋಗುತ್ತೇನೆ.

ಮೊದಲ ಎರಡು ದಿನ ಸುಮ್ಮನಿರಿ

ಪ್ಲಾಸ್ಟರ್ ಹಾಕಿದ ಮೇಲೆ ಎರಡು ಗಂಟೆಯೊಳಗಿನ ಸಣ್ಣ ಹಾರಾಟಕ್ಕೆ 24 ಗಂಟೆ, ಅದಕ್ಕಿಂತ ಉದ್ದದ್ದಕ್ಕೆ 48 ಗಂಟೆ ಕಾಯಬೇಕು. ಹೆಚ್ಚಿನ ವಿಮಾನ ಕಂಪನಿಗಳು ಪಾಲಿಸುವ ಲೆಕ್ಕ ಇದು. ಕೆಲವು ಇನ್ನೂ ಬಿಗಿ, ಕೆಲವು ಡಾಕ್ಟರ ಚೀಟಿ ನೋಡಿ ಬಿಡುತ್ತವೆ. ನಿಮ್ಮ ಕಂಪನಿಯನ್ನು ಕೇಳಿಯೇ ತೀರ್ಮಾನಿಸಿ.

ಇದು ಸುಮ್ನೆ ಮಾಡಿದ ನಿಯಮ ಅಲ್ಲ. ಪೆಟ್ಟು ಬಿದ್ದ ಜಾಗ ಮೊದಲ ಎರಡು ಮೂರು ದಿನ ಊದುತ್ತಲೇ ಇರುತ್ತದೆ. ಗಟ್ಟಿ ಪ್ಲಾಸ್ಟರಿನೊಳಗೆ ಆ ಊತಕ್ಕೆ ಹೋಗಲು ಜಾಗ ಇಲ್ಲ. ಜೊತೆಗೆ ವಿಮಾನದ ಒಳಗಿನ ಗಾಳಿಯ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. ಸುಮಾರು 6000ರಿಂದ 8000 ಅಡಿ ಎತ್ತರದ ಬೆಟ್ಟದ ಮೇಲೆ ಕೂತ ಹಾಗಿರುತ್ತದೆ. ಒತ್ತಡ ಇಳಿದರೆ ಗಾಳಿ ಹಿಗ್ಗುತ್ತದೆ. ಮುಚ್ಚಿದ ಚಿಪ್ಸ್ ಪೊಟ್ಟಣ ವಿಮಾನದಲ್ಲಿ ದಿಂಬಿನ ಹಾಗೆ ಉಬ್ಬುವುದನ್ನು ನೋಡಿರುತ್ತೀರಿ, ಅಲ್ವಾ? 8000 ಅಡಿಯ ಒತ್ತಡದಲ್ಲಿ ಒಳಗೆ ಸಿಕ್ಕಿಕೊಂಡ ಗಾಳಿ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಪ್ಲಾಸ್ಟರಿನ ಒಳಪದರದಲ್ಲಿ ಸಿಕ್ಕ ಗಾಳಿಯೂ ಅಷ್ಟೇ. ಒಂದು ಕಡೆ ಊತ, ಇನ್ನೊಂದು ಕಡೆ ಹಿಗ್ಗಿದ ಗಾಳಿ, ಮೇಲೆ ಗಂಟೆಗಟ್ಟಲೆ ಕೆಳಗೆ ಜೋತುಬಿದ್ದ ಕಾಲು. ಮೂರೂ ಸೇರಿದರೆ ರಕ್ತ ಓಡಾಡುವುದಕ್ಕೇ ಕಷ್ಟ.

48 ಗಂಟೆ ಕಾಯಲು ಆಗದಿದ್ದರೆ ದಾರಿ ಇಲ್ಲದಿಲ್ಲ. ಪ್ಲಾಸ್ಟರನ್ನು ಎರಡೂ ಬದಿಯಲ್ಲಿ ಉದ್ದಕ್ಕೆ ಸೀಳಿಸಿ, ಮೇಲೆ ಕ್ರೇಪ್ ಬ್ಯಾಂಡೇಜ್ ಸುತ್ತಿಸಿಕೊಳ್ಳಬಹುದು. ಆಗ ಊತ ಬಂದರೂ ಅದು ತುಸು ಅಗಲವಾಗಿ ಜಾಗ ಕೊಡುತ್ತದೆ. ಇಲ್ಲವೇ ಸುತ್ತ ಪೂರ್ತಿ ಪ್ಲಾಸ್ಟರ್ ಹಾಕುವ ಬದಲು ಒಂದೇ ಬದಿಗೆ ಪಟ್ಟಿಯಂತೆ ಹಾಕುವ ಸ್ಲ್ಯಾಬ್‌ನಲ್ಲೇ ಪ್ರಯಾಣ ಮುಗಿಸಿ, ತಲುಪಿದ ಮೇಲೆ ಪೂರ್ತಿ ಹಾಕಿಸಿಕೊಳ್ಳಬಹುದು. ಪ್ಲಾಸ್ಟರ್ ಹಾಕುವ ಮೊದಲೇ "ನನಗೆ ಇಂಥ ದಿನ ವಿಮಾನ ಇದೆ" ಎಂದು ಹೇಳಿಬಿಡಿ. ಹಾಕಿ ಒಣಗಿದ ಮೇಲೆ ಹೇಳಿದರೆ ಅದನ್ನು ಕತ್ತರಿಸುವ ಕೆಲಸ ಬೇರೆ.

ಇಲ್ಲಿ ನಾಚಿಕೆ ಬೇಡ. ಆಕಾಶದಲ್ಲಿ ಕೂತಾಗ ಪ್ಲಾಸ್ಟರ್ ಬಿಗಿಯಾದರೆ ಅದನ್ನು ಕತ್ತರಿಸುವ ಗರಗಸ ಯಾರ ಹತ್ತಿರವೂ ಇರುವುದಿಲ್ಲ. ಬ್ಯಾಂಡೇಜ್ ಆದರೆ ನೀವೇ ಬಿಚ್ಚಿ ಸಡಿಲ ಮಾಡಬಹುದು.

ಇಂಥವರು ಡಾಕ್ಟರನ್ನು ಕೇಳದೆ ಹೊರಡಲೇಬಾರದು

ಮೇಲೆ ಹೇಳಿದ್ದೆಲ್ಲ ಕೈ, ಮಣಿಕಟ್ಟು, ಪಾದ, ಪಾದದ ಗಂಟು, ಮೊಣಕಾಲಿನ ಕೆಳಗಿನ ಮೂಳೆ ಇಂಥವಕ್ಕೆ. ಕೆಲವು ಪೆಟ್ಟುಗಳ ಕತೆಯೇ ಬೇರೆ.

ಪಕ್ಕೆಲುಬು ಮುರಿದಿದ್ದರೆ ಶ್ವಾಸಕೋಶಕ್ಕೆ ತೂತಾಗಿ, ಎದೆಗೂಡಿನೊಳಗೆ ಗಾಳಿ ಸೇರಿಲ್ಲ ಎಂದು ಎಕ್ಸ್-ರೇಯಲ್ಲಿ ಖಚಿತವಾಗಬೇಕು. ಆ ಗಾಳಿಯೂ ಮೇಲೆ ಹೋದಾಗ ಹಿಗ್ಗುತ್ತದೆ, ಉಸಿರೇ ಕಟ್ಟಬಹುದು. ತಲೆಬುರುಡೆಯ ಮುರಿತದಲ್ಲೂ ಇದೇ ಭಯ. ದವಡೆ ಮುರಿದು ಹಲ್ಲುಗಳಿಗೆ ತಂತಿ ಬಿಗಿದಿದ್ದರೆ, ವಾಂತಿ ಬಂದಾಗ ಬಾಯಿ ತೆರೆಯಲು ಆಗುವುದಿಲ್ಲ. ಹಾಗಾಗಿ ತಂತಿ ಕತ್ತರಿಸುವ ಉಪಕರಣ, ಅದನ್ನು ಬಳಸಲು ಗೊತ್ತಿರುವ ಜೊತೆಗಾರರು ಎರಡೂ ಬೇಕು. ತೊಡೆಯ ಮೂಳೆ ಅಥವಾ ಸೊಂಟದ ಮೂಳೆ ಮುರಿದಿದ್ದರೆ ಒಳಗೊಳಗೇ ರಕ್ತ ಜಾಸ್ತಿ ಹೋಗಿರುತ್ತದೆ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ವಿಮಾನದ ತೆಳು ಗಾಳಿಯಲ್ಲಿ ಸುಸ್ತು, ತಲೆಸುತ್ತು. ಬೆನ್ನುಮೂಳೆಯ ಪೆಟ್ಟಿಗೂ ಬರಿಯ ಚೀಟಿ ಸಾಲದು. ಕೂರಲಾಗದವರನ್ನು ಸ್ಟ್ರೆಚರ್ ಮೇಲೆ ಕರೆದೊಯ್ಯುವ ವ್ಯವಸ್ಥೆ ಕೆಲವು ಕಂಪನಿಗಳಲ್ಲಿದೆ. ಅದಕ್ಕೆ ಆರೇಳು ಸೀಟುಗಳನ್ನು ಮಡಚಬೇಕಾಗುತ್ತದೆ, ಅಷ್ಟೂ ಸೀಟಿನ ದುಡ್ಡು ಕೊಡಬೇಕಾಗುತ್ತದೆ.

ರಕ್ತ ಹೆಪ್ಪುಗಟ್ಟುವ ವಿಷಯ

ಇದನ್ನು ಹಗುರವಾಗಿ ತೆಗೆದುಕೊಳ್ಳುವವರೇ ಜಾಸ್ತಿ. ನಾಲ್ಕು ಗಂಟೆಗಿಂತ ಉದ್ದದ ಪ್ರಯಾಣದಲ್ಲಿ ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು. ಆರೋಗ್ಯವಂತರಲ್ಲಿ ಅದು ಸುಮಾರು 6000 ಜನರಲ್ಲಿ ಒಬ್ಬರಿಗೆ. ಅಷ್ಟೇನಾ ಅನ್ನಿಸಬಹುದು. ಆದರೆ ಅದು ಕಾಲು ಅಲ್ಲಾಡಿಸಬಲ್ಲವರ ಲೆಕ್ಕ. ಮೀನಖಂಡ ಕುಗ್ಗಿ ಹಿಗ್ಗಿದಾಗಲೇ ಕಾಲಿನ ರಕ್ತ ಮೇಲಕ್ಕೆ ಹೋಗುವುದು. ಪ್ಲಾಸ್ಟರಿನೊಳಗೆ ಆ ಪಂಪು ಕೆಲಸ ನಿಲ್ಲಿಸಿರುತ್ತದೆ.

ಹಿಂದೆ ಹೆಪ್ಪುಗಟ್ಟಿದ್ದವರು, ಗರ್ಭಿಣಿಯರು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೈತೂಕ ಜಾಸ್ತಿ ಇರುವವರು, ಈಚೆಗೆ ಆಪರೇಷನ್ ಆದವರು ಡಾಕ್ಟರ ಹತ್ತಿರ ಇದನ್ನು ನೇರವಾಗಿ ಕೇಳಬೇಕು. ಕೆಲವರಿಗೆ ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಹೆಪಾರಿನ್ ಬಗೆಯ ಇಂಜೆಕ್ಷನ್ ಬರೆದುಕೊಡುತ್ತಾರೆ. "ಒಂದು ಆಸ್ಪಿರಿನ್ ನುಂಗಿದ್ರೆ ಸಾಕು" ಎನ್ನುವ ಪಕ್ಕದ ಮನೆಯ ಸಲಹೆ ಬೇಡ. ಕಾಲು ಬಿಗಿಹಿಡಿಯುವ ಕಾಲುಚೀಲ ಹೇಳಿದ್ದರೆ ಅದು ಒಳ್ಳೆಯ ಕಾಲಿಗೆ. ಪ್ಲಾಸ್ಟರ್ ಇರುವ ಕಾಲಿಗೆ ಅದನ್ನು ಎಳೆದು ತೂರಿಸಬೇಡಿ.

ಡಾಕ್ಟರ ಪತ್ರ

"ಪ್ರಯಾಣ ಮಾಡಬಹುದು" ಎಂಬ ಒಂದು ಸಾಲಿನ ಚೀಟಿಯಿಂದ ಕೌಂಟರಿನಲ್ಲಿ ಕೆಲಸ ನಡೆಯುವುದಿಲ್ಲ. ಯಾವ ಮೂಳೆ, ಯಾವ ದಿನ ಮುರಿಯಿತು, ಪ್ಲಾಸ್ಟರ್ ಯಾವ ದಿನ ಎಷ್ಟು ಗಂಟೆಗೆ ಹಾಕಿದ್ದು, ಅದು ಪೂರ್ತಿಯೋ ಸೀಳಿದ್ದೋ, ಮೊಣಕಾಲು ಮಡಚಲು ಬರುತ್ತದೋ ಇಲ್ಲವೋ, ಒಳಗೆ ಲೋಹದ ಪ್ಲೇಟ್ ಇದೆಯೋ, ಯಾವ ಔಷಧಿ ಎಷ್ಟು, ಇಷ್ಟೂ ಇರಲಿ. ಔಷಧಿಗೆ ಕಂಪನಿ ಕೊಟ್ಟ ಹೆಸರಿನ ಜೊತೆ ಅದರ ಮೂಲ ಹೆಸರೂ ಬೇಕು. ಪತ್ರ ಇಂಗ್ಲಿಷಿನಲ್ಲಿದ್ದರೆ ಎಲ್ಲ ಕಡೆ ನಡೆಯುತ್ತದೆ.

ಕೆಲವು ಕಂಪನಿಗಳು ಮೆಡಿಫ್ ಎಂಬ ತಮ್ಮದೇ ಫಾರಂ ಕೇಳುತ್ತವೆ. ಅರ್ಧ ನೀವು ತುಂಬಬೇಕು, ಅರ್ಧ ಡಾಕ್ಟರು. ಅದನ್ನು ಕಂಪನಿಯ ವೈದ್ಯರು ನೋಡಿ ಒಪ್ಪಬೇಕು, ಆದ್ದರಿಂದ ಹೊರಡುವ ಹಿಂದಿನ ರಾತ್ರಿ ಕಳಿಸಿದರೆ ಪ್ರಯೋಜನ ಇಲ್ಲ. ತೊಡೆಯವರೆಗೆ ಪ್ಲಾಸ್ಟರ್ ಇರುವವರಿಗೆ ಈ ಫಾರಂ ಬೇಕಾಗುವುದೇ ಹೆಚ್ಚು.

ಪ್ರಯಾಣ ವಿಮೆ ಇದ್ದರೆ ಆ ಕಂಪನಿಗೂ ಒಂದು ಫೋನ್ ಮಾಡಿ ಪೆಟ್ಟಾದ ವಿಷಯ ತಿಳಿಸಿ. ಮುಚ್ಚಿಟ್ಟು ಹೊರಟರೆ ಮುಂದೆ ಅದೇ ಕಾಲಿಗೆ ಏನಾದರೂ ಆದಾಗ ಅವರು ಕೈ ಎತ್ತಬಹುದು. ಪರದೇಶದಲ್ಲಿ ಬಿದ್ದು ಮನೆಗೆ ವಾಪಸ್ ಬರುವವರಾದರೆ ಟಿಕೆಟ್ ಬದಲಿಸುವ ಮೊದಲೇ ವಿಮೆಯವರನ್ನು ಕೇಳಿ. ಹೆಚ್ಚುವರಿ ಸೀಟಿನ ಖರ್ಚನ್ನೂ ಕೊಡುವ ಪಾಲಿಸಿಗಳಿವೆ.

ವೀಲ್‌ಚೇರ್ ಕೇಳುವಾಗ ಮೂರು ಸಂಕೇತ ಗಮನಿಸಿ

ವೀಲ್‌ಚೇರ್ ಸೇವೆಗೆ ಕಡಿಮೆಯೆಂದರೂ 48 ಗಂಟೆ ಮೊದಲು ಹೇಳಿಡುವುದು ಒಳ್ಳೆಯದು. ಯುರೋಪಿನ ನಿಯಮದಲ್ಲೂ ಇಷ್ಟೇ ಸಮಯ ಬರೆದಿದೆ, ಅಲ್ಲಿ ಈ ಸಹಾಯಕ್ಕೆ ದುಡ್ಡು ತೆಗೆದುಕೊಳ್ಳುವಂತಿಲ್ಲ.

ನಾನು ಎಡವಿದ್ದು ಇಲ್ಲೇ. ಟಿಕೆಟ್ ಪುಟದಲ್ಲಿ "ವೀಲ್‌ಚೇರ್ ಬೇಕು" ಎಂದಿದ್ದನ್ನು ನೋಡಿ, ಮೊದಲ ಆಯ್ಕೆಯನ್ನೇ ಒತ್ತಿ ನೆಮ್ಮದಿಯಾಗಿದ್ದೆ. ಹುಡುಗ ಬಂದ, ಗೇಟಿನವರೆಗೆ ಜೋಪಾನವಾಗಿ ತಳ್ಳಿಕೊಂಡು ಹೋದ, ಬಸ್ಸು ಹತ್ತಿಸಿದ. ಬಸ್ಸು ಹೋಗಿ ನಿಂತಿದ್ದು ವಿಮಾನದ ಮೆಟ್ಟಿಲ ಬುಡದಲ್ಲಿ. "ಸರ್, ನೀವು ಮೆಟ್ಟಿಲು ಹತ್ತಬಲ್ಲೆ ಅಂತ ಹಾಕಿದ್ದೀರಲ್ಲ?" ಅಂದ. ಕುಂಟುತ್ತಾ, ಕಂಬಿ ಹಿಡಿದು, ಒಂದೇ ಕಾಲಲ್ಲಿ ಹತ್ತಿದೆ. ಹಿಂದೆ ಕಾಯುತ್ತಿದ್ದವರ ಮುಖ ನೋಡುವ ಧೈರ್ಯ ಆಗಲಿಲ್ಲ.

ಆಮೇಲೆ ಗೊತ್ತಾಯಿತು, ಇದಕ್ಕೆ ಮೂರು ಸಂಕೇತಗಳಿವೆ. ಡಬ್ಲ್ಯುಸಿಎಚ್‌ಆರ್ ಎಂದರೆ ದೂರ ನಡೆಯಲು ಆಗದು, ಆದರೆ ಮೆಟ್ಟಿಲು ಹತ್ತಬಲ್ಲೆ, ಒಳಗೆ ಸೀಟಿನವರೆಗೂ ನಡೆಯಬಲ್ಲೆ ಎಂದು. ಡಬ್ಲ್ಯುಸಿಎಚ್‌ಎಸ್ ಎಂದರೆ ಮೆಟ್ಟಿಲು ಆಗದು, ಸೀಟಿಗೆ ಮಾತ್ರ ಹೇಗೋ ಹೋಗಬಲ್ಲೆ. ಡಬ್ಲ್ಯುಸಿಎಚ್‌ಸಿ ಎಂದರೆ ಸೀಟಿನವರೆಗೂ ಕರೆದೊಯ್ಯಲೇಬೇಕು. ಕಾಲು ನೆಲಕ್ಕೆ ಊರಬಾರದು ಎಂದು ಡಾಕ್ಟರು ಹೇಳಿದ್ದರೆ ಎರಡನೆಯದೋ ಮೂರನೆಯದೋ ನಿಮ್ಮದು. ಆಗ ಮೆಟ್ಟಿಲ ಬದಲು ಮೇಲೆತ್ತುವ ಲಿಫ್ಟ್ ಗಾಡಿ ಬರುತ್ತದೆ, ವಿಮಾನದೊಳಗೆ ನಡುದಾರಿಯಲ್ಲಿ ಹೋಗುವ ಕಿರಿದಾದ ಗಾಲಿಕುರ್ಚಿ ಸಿಗುತ್ತದೆ. ಸ್ವಾಭಿಮಾನಕ್ಕೆ ಕಟ್ಟುಬಿದ್ದು ಕಡಿಮೆ ಹೇಳಬೇಡಿ.

ವೀಲ್‌ಚೇರಿನವರನ್ನು ಸಾಮಾನ್ಯವಾಗಿ ಎಲ್ಲರಿಗಿಂತ ಮೊದಲು ಹತ್ತಿಸುತ್ತಾರೆ, ಎಲ್ಲರೂ ಇಳಿದ ಮೇಲೆ ಇಳಿಸುತ್ತಾರೆ. ನಡುವೆ ವಿಮಾನ ಬದಲಿಸುವುದಿದ್ದರೆ ಈ ಕಾಯುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ. ಒಂದು ಗಂಟೆಯ ಅಂತರ ಸಾಲದು. ಮೂರು ಗಂಟೆ ಇದ್ದರೆ ನೆಮ್ಮದಿ. ಸಾಧ್ಯವಾದರೆ ನೇರ ವಿಮಾನವನ್ನೇ ಹಿಡಿಯಿರಿ, ಸ್ವಲ್ಪ ದುಬಾರಿಯಾದರೂ ಸರಿ.

ಸೀಟು ಆರಿಸುವುದು

ಕಾಲು ಚಾಚಲು ಜಾಗ ಇದೆಯಲ್ಲ ಎಂದು ತುರ್ತು ಬಾಗಿಲ ಪಕ್ಕದ ಸೀಟಿಗೆ ಆಸೆಪಡಬೇಡಿ. ಪ್ಲಾಸ್ಟರ್ ಇದ್ದವರನ್ನು ಅಲ್ಲಿ ಕೂರಿಸುವುದಿಲ್ಲ. ಅಪಾಯದ ಹೊತ್ತಿನಲ್ಲಿ ಆ ಬಾಗಿಲು ತೆಗೆಯಬೇಕಾದವರು ಅಲ್ಲಿ ಕೂತವರೇ. ದುಡ್ಡು ಕೊಟ್ಟು ಬುಕ್ ಮಾಡಿದ್ದರೂ ಗೇಟಿನಲ್ಲಿ ಎಬ್ಬಿಸುತ್ತಾರೆ.

ಎದುರಿಗೆ ಗೋಡೆ ಇರುವ ಮೊದಲ ಸಾಲಿನ ಬಗ್ಗೆ ನನಗೆ ಅರ್ಧ ಮನಸ್ಸು. ಮುಂದಿನ ಸೀಟು ಹಿಂದಕ್ಕೆ ಬಾಗಿ ಮೊಣಕಾಲಿಗೆ ತಾಗುವ ಭಯ ಇಲ್ಲ, ಸರಿ. ಆದರೆ ಊಟದ ತಟ್ಟೆ ಇಡುವ ಹಲಗೆ ಕೈಯೊರಗಿನೊಳಗೆ ಇರುವುದರಿಂದ ಆ ಕೈಯೊರಗು ಮೇಲೇಳುವುದಿಲ್ಲ. ಪಕ್ಕದ ಸೀಟು ಖಾಲಿ ಇದ್ದರೂ ಅದರ ಮೇಲೆ ಕಾಲು ಹಾಕಲಾಗದು. ಕಾಲನ್ನು ಗೋಡೆಗೆ ಒರಗಿಸಿ ಮೇಲೆತ್ತಿ ಕೂರಲು ಅಷ್ಟು ಜಾಗವೂ ಇರುವುದಿಲ್ಲ.

ಒಂದೇ ನಡುದಾರಿ ಇರುವ ವಿಮಾನಕ್ಕೆ ನಾನು ಕಂಡುಕೊಂಡ ಸೂತ್ರ ಸುಲಭ. ಬಲಗಡೆ ಪೆಟ್ಟಾದರೆ ವಿಮಾನದ ಬಲಗಡೆ ಕೂರಿ, ಎಡಗಡೆಯಾದರೆ ಎಡಗಡೆ. ಕಾಲಿಗೆ ಪೆಟ್ಟಾದವರು ನಡುದಾರಿಯ ಪಕ್ಕದ ಸೀಟು ಹಿಡಿಯಿರಿ. ಆಗ ಮುರಿದ ಕಾಲು ಒಳಗಡೆ ಇರುತ್ತದೆ, ಊಟದ ಗಾಡಿ ಬಂದು ಗುದ್ದುವುದು ತಪ್ಪುತ್ತದೆ, ಎದ್ದು ಹೋಗುವುದಕ್ಕೂ ಸುಲಭ. ಕೈಗೆ ಪೆಟ್ಟಾದವರು ಕಿಟಕಿ ಸೀಟು ಹಿಡಿಯಿರಿ. ಮುರಿದ ಕೈ ಗೋಡೆಯ ಕಡೆ ಇರುತ್ತದೆ, ಪಕ್ಕದವರ ಮೊಣಕೈ ತಾಗುವುದಿಲ್ಲ. ದಿಂಬಿಟ್ಟು ಎತ್ತರಿಸಿಕೊಂಡು ಕೂರಲೂ ಬಹುದು.

ಮೊಣಕಾಲು ಮಡಚಲು ಬಾರದವರಿಗೆ ಈ ಸೂತ್ರ ನಡೆಯದು. ಕಾಲನ್ನು ನಡುದಾರಿಗೆ ಚಾಚಲು ಬಿಡುವುದಿಲ್ಲ, ಅದು ಎಲ್ಲರೂ ಓಡಿ ತಪ್ಪಿಸಿಕೊಳ್ಳಬೇಕಾದ ದಾರಿ. ಹೆಚ್ಚಾಗಿ ಎರಡನೆಯ, ಮೂರನೆಯ ಸೀಟನ್ನೂ ಕೊಳ್ಳಿ ಎನ್ನುತ್ತಾರೆ, ಇಲ್ಲವೇ ಸೀಟು ಮಂಚದಂತೆ ಬಿಚ್ಚಿಕೊಳ್ಳುವ ಮೇಲ್ದರ್ಜೆಗೆ ಹೋಗಿ ಎನ್ನುತ್ತಾರೆ. ಖರ್ಚು ನೋಡಿ ಎದೆ ಧಸಕ್ಕೆನ್ನುತ್ತದೆ. ಪ್ಲಾಸ್ಟರ್ ಮೊಣಕಾಲಿನ ಕೆಳಕ್ಕೆ ಇಳಿಯುವವರೆಗೆ ಪ್ರಯಾಣ ಮುಂದೂಡಲು ಆಗುತ್ತದೆಯೇ ಎಂದು ಮೊದಲು ನೋಡಿ.

ಕೈಚೀಲದಲ್ಲಿ ಏನಿರಬೇಕು

ನೋವಿನ ಮಾತ್ರೆ, ಇಂಜೆಕ್ಷನ್ ಇದ್ದರೆ ಅದು, ಡಾಕ್ಟರ ಪತ್ರ, ಎಕ್ಸ್-ರೇಯ ಒಂದು ಫೋಟೋ ಮೊಬೈಲಿನಲ್ಲಿ. ಇವು ಯಾವುದನ್ನೂ ದೊಡ್ಡ ಸೂಟ್‌ಕೇಸಿನಲ್ಲಿ ಹಾಕಬೇಡಿ. ಮಾತ್ರೆಗಳು ತಮ್ಮ ಮೂಲ ಪಟ್ಟಿಯಲ್ಲೇ, ಚೀಟಿಯ ಸಮೇತ ಇರಲಿ. ಟ್ರಮಡಾಲ್, ಕೊಡೀನ್ ಇರುವ ಮಾತ್ರೆಗಳ ಬಗ್ಗೆ ಇನ್ನೂ ಎಚ್ಚರ. ಯುಎಇಯಂಥ ದೇಶಗಳಲ್ಲಿ ಅವು ನಿಯಂತ್ರಿತ ಔಷಧಿಗಳು, ಮೊದಲೇ ಅನುಮತಿ ಪಡೆಯಬೇಕು. ನಡುವೆ ವಿಮಾನ ಬದಲಿಸುವ ದೇಶದ ನಿಯಮವನ್ನೂ ನೋಡಿಕೊಳ್ಳಿ.

ಉಡುಪು ಸಡಿಲವಾಗಿರಲಿ. ಪ್ಲಾಸ್ಟರ್ ತೂರುವಷ್ಟು ಅಗಲದ ಪ್ಯಾಂಟೋ, ಲಂಗವೋ ಆದೀತು. ಹೊರಗೆ ಚಾಚಿದ ಬೆರಳುಗಳಿಗೆ ಒಂದು ದೊಡ್ಡ ಕಾಲುಚೀಲ ಬೇಕೇ ಬೇಕು. ವಿಮಾನದ ನೆಲದ ಹತ್ತಿರ ಚಳಿ ಕೊರೆಯುತ್ತದೆ. ಕೈ ಮುರಿದಿದ್ದರೆ ಆ ಕೈಯ ಉಂಗುರ, ಬಳೆ ತೆಗೆದೇ ಹೊರಡಿ. ಬೆರಳು ಊದಿದ ಮೇಲೆ ಉಂಗುರ ಬರುವುದಿಲ್ಲ. ಊರುಗೋಲಿಗೆ ಹೆಸರು, ಫೋನ್ ನಂಬರ್ ಬರೆದ ಚೀಟಿ ಕಟ್ಟಿ. ಎಲ್ಲ ಊರುಗೋಲುಗಳೂ ಒಂದೇ ಥರ ಕಾಣುತ್ತವೆ.

ತಪಾಸಣೆಯಲ್ಲಿ

ಸಾಲಿಗೆ ಸೇರುವ ಮೊದಲೇ "ಪ್ಲಾಸ್ಟರ್ ಇದೆ, ಇಲ್ಲಿ ಮುಟ್ಟಿದರೆ ನೋವು" ಎಂದು ಹೇಳಿಬಿಡಿ. ಸಾಮಾನ್ಯವಾಗಿ ಪ್ಲಾಸ್ಟರಿನ ಮೇಲೆ ಸಣ್ಣ ಬಟ್ಟೆಯ ತುಂಡು ಒರೆಸಿ, ಸ್ಫೋಟಕದ ಕಣ ಇದೆಯೇ ಎಂದು ಯಂತ್ರದಲ್ಲಿ ನೋಡುತ್ತಾರೆ. ಊರುಗೋಲು ಎಕ್ಸ್-ರೇ ಬೆಲ್ಟಿನೊಳಗೆ ಹೋಗಬೇಕು. ಆ ಹೊತ್ತಿಗೆ ನಿಲ್ಲಲು ಆಗದಿದ್ದರೆ ಕುರ್ಚಿ ಕೇಳಿ. ಒಳಗೆ ಪ್ಲೇಟು, ಸ್ಕ್ರೂ ಇದ್ದರೆ ಬೀಪ್ ಬರಲೂಬಹುದು, ಬಾರದೆಯೂ ಇರಬಹುದು. ಡಾಕ್ಟರ ಪತ್ರ ತೋರಿಸಿದರೆ ಮಾತು ಬೇಗ ಮುಗಿಯುತ್ತದೆ, ತಪಾಸಣೆ ಮಾತ್ರ ತಪ್ಪುವುದಿಲ್ಲ. ಎಲ್ಲರೆದುರು ಬೇಡ ಎನಿಸಿದರೆ ಪ್ರತ್ಯೇಕ ಕೋಣೆ ಕೇಳಬಹುದು.

ವಿಮಾನದೊಳಗೆ

ಊರುಗೋಲನ್ನು ಹಾರುವಾಗ, ಇಳಿಯುವಾಗ ಸಿಬ್ಬಂದಿ ತೆಗೆದು ಬೇರೆ ಕಡೆ ಇಡುತ್ತಾರೆ. ಎಲ್ಲಿ ಇಟ್ಟರು ಎಂದು ನೋಡಿಕೊಳ್ಳಿ. ಬೇಕಾದಾಗ ಗುಂಡಿ ಒತ್ತಿ ಕೇಳಿ, ಒಂಟಿ ಕಾಲಲ್ಲಿ ಹಾರುತ್ತಾ ಹೋಗುವ ಸಾಹಸ ಬೇಡ.

ಗಾಳಿ ತುಂಬುವ ಬೂಟು ಹಾಕಿದ್ದರೆ ವಿಮಾನ ಮೇಲೇರುವ ಮೊದಲು ಸ್ವಲ್ಪ ಗಾಳಿ ಬಿಡಿ. ಚಿಪ್ಸ್ ಪೊಟ್ಟಣದ ಕತೆ ನೆನಪಿದೆಯಲ್ಲ. ಇಳಿದ ಮೇಲೆ ಅದು ಸಡಿಲವಾಗಿರುತ್ತದೆ, ಆಗ ಮತ್ತೆ ತುಂಬಿ.

ಸೀಟ್‌ಬೆಲ್ಟ್ ದೀಪ ಆರಿದ ಮೇಲೆ ಸಣ್ಣ ಬ್ಯಾಗೊಂದನ್ನು ಕಾಲ ಕೆಳಗಿಟ್ಟು ಎತ್ತರಿಸಿ. ಗೇಣು ಎತ್ತರ ಸಿಕ್ಕರೂ ವ್ಯತ್ಯಾಸ ಗೊತ್ತಾಗುತ್ತದೆ. ಪ್ಲಾಸ್ಟರಿನ ಹೊರಗಿರುವ ಬೆರಳುಗಳನ್ನು ಆಗಾಗ ಮಡಚಿ ಬಿಚ್ಚಿ. ಒಳ್ಳೆಯ ಕಾಲಿನ ಹಿಮ್ಮಡಿ ಎತ್ತಿ ಇಳಿಸುತ್ತಿರಿ. ನೀರು ಕುಡಿಯಿರಿ. ಬಾತ್‌ರೂಮಿಗೆ ಏಳಬೇಕಾಗುತ್ತದೆಂದು ನೀರೇ ಕುಡಿಯದವರನ್ನು ಕಂಡಿದ್ದೇನೆ, ನಾನೂ ಮಾಡಿದ್ದೇನೆ, ಅದು ಸರಿಯಲ್ಲ. ಮದ್ಯ ಬೇಡ, ಅದರಲ್ಲೂ ನೋವಿನ ಮಾತ್ರೆಯ ಜೊತೆ ಬೇಡವೇ ಬೇಡ. ನಿದ್ರೆಮಾತ್ರೆ ನುಂಗಿ ಅಲ್ಲಾಡದೆ ಮಲಗುವುದೂ ಹೆಪ್ಪುಗಟ್ಟಲು ದಾರಿ. ಬಾತ್‌ರೂಮಿನ ಬಾಗಿಲವರೆಗೆ ಸಿಬ್ಬಂದಿ ಕೈ ಹಿಡಿಯುತ್ತಾರೆ, ಒಳಗೆ ಸಹಾಯ ಮಾಡುವುದಿಲ್ಲ. ಅಷ್ಟು ಆಗದವರು ಜೊತೆಗೊಬ್ಬರನ್ನು ಕರೆದುಕೊಂಡೇ ಹೊರಡಬೇಕು.

ಗಂಟೆಗೊಮ್ಮೆ ಬೆರಳು ನೋಡಿಕೊಳ್ಳಿ. ಉಗುರು ಒತ್ತಿ ಬಿಟ್ಟರೆ ಬಿಳಿಚಿದ್ದು ತಕ್ಷಣ ಕೆಂಪಾಗಬೇಕು. ಮಾತ್ರೆಗೂ ಬಗ್ಗದೆ ಏರುತ್ತಲೇ ಇರುವ ನೋವು, ಬೆರಳನ್ನು ಬೇರೆಯವರು ಮೆಲ್ಲಗೆ ಎಳೆದರೂ ಪ್ರಾಣ ಹೋಗುವಂತಾಗುವುದು, ಜೋಮು, ಮರಗಟ್ಟುವುದು, ಬೆರಳು ತಣ್ಣಗಾಗಿ ನೀಲಿಗಟ್ಟುವುದು, ಇವು ಒಳಗೆ ಒತ್ತಡ ಮಿತಿ ಮೀರಿದ ಗುರುತು. "ಇಳಿದ ಮೇಲೆ ನೋಡೋಣ" ಎನ್ನಬೇಡಿ. ಬ್ಯಾಂಡೇಜ್ ಇದ್ದರೆ ಸಡಿಲಿಸಿ, ಕೂಡಲೇ ಸಿಬ್ಬಂದಿಗೆ ಹೇಳಿ. ಅವರು ವಿಮಾನದಲ್ಲಿ ಡಾಕ್ಟರು ಯಾರಾದರೂ ಇದ್ದಾರೆಯೇ ಎಂದು ಕೂಗಿ ಕೇಳುತ್ತಾರೆ, ಬೇಕಾದರೆ ನೆಲದ ಮೇಲಿರುವ ವೈದ್ಯರ ಜೊತೆಗೂ ಮಾತಾಡುತ್ತಾರೆ.

ಇಳಿದ ಮೇಲೆ

ಮನೆಗೋ ಹೋಟೆಲಿಗೋ ತಲುಪಿದ ಕೂಡಲೇ ಮಲಗಿ, ಕಾಲನ್ನು ಎದೆಗಿಂತ ಎತ್ತರಕ್ಕೆ ಬರುವಂತೆ ದಿಂಬುಗಳ ಮೇಲಿಡಿ. ಸ್ವಲ್ಪ ಊದಿರುವುದು ಮಾಮೂಲಿ, ರಾತ್ರಿ ಕಳೆಯುವಷ್ಟರಲ್ಲಿ ಇಳಿಯಬೇಕು. ಪ್ಲಾಸ್ಟರ್ ಸೀಳಿಸಿಕೊಂಡು ಬಂದವರು ಒಂದೆರಡು ದಿನದಲ್ಲಿ ಅಲ್ಲಿನ ಮೂಳೆ ಡಾಕ್ಟರಿಗೆ ತೋರಿಸಿ. ಮುಂದಿನ ಕೆಲವು ವಾರ ಮೀನಖಂಡದಲ್ಲಿ ನೋವು, ಒಂದೇ ಕಾಲು ಊದಿ ಬಿಸಿಯಾಗುವುದು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಇದ್ದಕ್ಕಿದ್ದಂತೆ ಏದುಸಿರು ಬಂದರೆ, ಉಸಿರೆಳೆದಾಗ ಎದೆ ಚುಚ್ಚಿದರೆ ಒಂದು ನಿಮಿಷವೂ ಕಾಯದೆ ಆಂಬ್ಯುಲೆನ್ಸ್ ಕರೆಸಿ. ಕಾಲು ಮುರಿದಿರುವುದು ಅಲ್ಲಿನ ಡಾಕ್ಟರಿಗೆ ಕಣ್ಣಿಗೇ ಕಾಣುತ್ತದೆ. "ಈಚೆಗೆ ಇಷ್ಟು ಗಂಟೆ ವಿಮಾನದಲ್ಲಿ ಕೂತು ಬಂದೆ" ಎಂಬುದನ್ನು ಮಾತ್ರ ನೀವೇ ಬಾಯಿಬಿಟ್ಟು ಹೇಳಬೇಕು.